ಕರಿಮೊರಡಿ ಶಾಲೆಯ ಆಟದ ಬಯಲು

ಮರುಳಸಿದ್ದಮ್ಮ ಕರಿಮೊರಡಿಯ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದದ್ದು ಎಪ್ಪತ್ತೈದರ ಬೇಸಿಗೆ ರಜೆ ಮುಗಿದ ಮೇಲೆ. ಹೊಳಲ್ಕೆರೆಯಿಂದ ಹೊರಕೆರೆದೇವಪುರದ ಕಡೆ ಹೋಗುವ ಬಸ್ಸು ಇಳಿದು ಬಂಡಿದಾರಿಯಲ್ಲಿ ನಡೆದರೆ ಆ ಊರು. ಎರಡು ಕೋಣೆಯ ಹೆಂಚಿನ ಶಾಲೆ ಊರಿಗೂ ಗೊಲ್ಲರ ಹಟ್ಟಿಗೂ ನಡುವೆ, ಕಲ್ಲು ಮೊರಡಿಯ ಬುಡದಲ್ಲಿ ಒಂಟಿಯಾಗಿ ನಿಂತಿತ್ತು. ಊರಿನ ಮಕ್ಕಳು ಶಾಲೆಗೆ ಬರುತ್ತಿದ್ದರು. ಹಟ್ಟಿಯ ಮಕ್ಕಳ ಹೆಸರು ಮಾತ್ರ ಹಾಜರಿಯಲ್ಲಿತ್ತು. ಮಕ್ಕಳು ಕುರಿಮರಿಗಳ ಹಿಂದಿದ್ದರು.

ಆಕೆ ಭರಮಸಾಗರದ ಕಡೆಯವಳು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ಅಣ್ಣನ ಮನೆಯಲ್ಲಿ ಅನ್ನಕ್ಕೆ ಕಾಯುವುದು ಬೇಡವೆಂದು ಟೀಚರ್ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದವಳು. ಊರಿನಲ್ಲಿ ಉಚ್ಚಂಗಮ್ಮ ಎಂಬ ಮುದುಕಿಯ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದಿದ್ದಳು. ಮಾತು ಕಡಿಮೆ. ಹಿಡಿದ ಕೆಲಸ ಬಿಡುವವಳಲ್ಲ.

ಒಂದು ಮಧ್ಯಾಹ್ನ ಪಾಠ ಮಾಡುತ್ತಿರುವಾಗ ಹಿಂದಿನ ಕಿಟಕಿಯಿಂದ ಕೇಕೆ ಕೇಳಿಸಿತು. ಹೋಗಿ ನೋಡಿದಳು. ಮೊರಡಿಯ ಮೇಲೆ ಆನೆಯ ಬೆನ್ನಿನಂಥ ಒಂದು ನುಣುಪು ಬಂಡೆ. ಹಟ್ಟಿಯ ಹುಡುಗರು ಹಸಿ ಸೊಪ್ಪಿನ ಕಟ್ಟನ್ನು ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತು ಸರ್ರನೆ ಜಾರಿ ಬರುತ್ತಿದ್ದರು. ಮರಿಗಳು ಸುತ್ತ ಮೇಯುತ್ತಿದ್ದವು. ಶಾಲೆಯೊಳಗೆ ಕೂತ ಊರಿನ ಮಕ್ಕಳು ಕತ್ತು ಚಾಚಿ ಅದನ್ನೇ ನೋಡುತ್ತಿದ್ದರು. ಗಂಟೆ ಬಾರಿಸಿದಾಗ ಜಾರುತ್ತಿದ್ದವರು ಒಮ್ಮೆ ಶಾಲೆಯತ್ತ ನೋಡಿ, ಮರಿಗಳನ್ನು ಹೊಡೆದುಕೊಂಡು ಮೊರಡಿಯ ಆಚೆ ಇಳಿದುಹೋದರು.

ಬಂಡೆಯವರೆಗೆ ಬರುವ ಮಕ್ಕಳು ಶಾಲೆಯವರೆಗೆ ಯಾಕೆ ಬರಲಾರರು ಎಂಬ ಯೋಚನೆ ಅವಳ ತಲೆ ಹೊಕ್ಕಿತು. ಅಲ್ಲಿಂದ ಇಲ್ಲಿಯತನಕ ನೆಲವೆಲ್ಲ ಆಟವೇ ಆಗಿಬಿಟ್ಟರೆ, ಆಡುತ್ತ ಆಡುತ್ತ ಬಾಗಿಲಿಗೇ ಬಂದಾರು ಅಂದುಕೊಂಡಳು.

ಶಾಲೆಯಲ್ಲಿ ಇನ್ನೊಬ್ಬ ಮೇಷ್ಟ್ರಿದ್ದರು, ಚಿಕ್ಕತಿಮ್ಮಪ್ಪ. ಒಳ್ಳೆಯವರು, ಆದರೆ ಹೆದರುವ ಸ್ವಭಾವ. ಅವರು ಹೇಳಿದರು, "ಆಟದ ಸಾಮಾನು ಬೇಕು ಅಂತ ಮೇಲಕ್ಕೆ ಬರೀರಿ ಮೇಡಂ. ಚಿತ್ರದುರ್ಗದಾಗೆ ಪಾರ್ಕಿನಲ್ಲಿ ಕಬ್ಬಿಣದ ಜಾರುಬಂಡೆ ಐತಲ್ಲ, ಅಂಥದ್ದು ಕೊಟ್ರೂ ಕೊಡಬೌದು."

"ಇರೋ ಬಂಡೆ ಬಿಟ್ಟು ಕಬ್ಬಿಣದ ಬಂಡೆ ಯಾಕೆ ಮೇಷ್ಟ್ರೇ? ನಮ್ಮ ಬಿಸಿಲಿಗೆ ಮಕ್ಕಳ ತೊಡೆ ಸುಟ್ಟುಹೋಗ್ತೈತೆ. ನಾಲ್ಕು ಮಳೆಗೆ ತುಕ್ಕು ಹಿಡೀತೈತೆ. ಆಮೇಲೆ ಅದನ್ನ ರಿಪೇರಿ ಮಾಡೋರು ಯಾರು?"

ಅವಳು ಮೊದಲು ಏನನ್ನೂ ಮಾಡಲಿಲ್ಲ, ನೋಡಿದಳು. ಮಕ್ಕಳು ಎಲ್ಲಿ ಓಡುತ್ತಾರೆ, ಎಲ್ಲಿ ಸುಮ್ಮನೆ ಕೂರುತ್ತಾರೆ, ಮಧ್ಯಾಹ್ನದ ನೆರಳು ಎಲ್ಲಿ ಬೀಳುತ್ತದೆ, ಮಳೆ ಬಂದಾಗ ಮೊರಡಿಯ ನೀರು ಯಾವ ದಾರಿ ಹಿಡಿಯುತ್ತದೆ. ಮಕ್ಕಳ ಕಾಲು ತುಳಿದು ಆಗಿದ್ದ ಸಣ್ಣ ದಾರಿಗಳ ಮೇಲೆ ಒಲೆಯ ಬೂದಿ ಚೆಲ್ಲಿಸಿದಳು. ಆ ದಾರಿಗಳನ್ನು ಹಾಗೇ ಬಿಟ್ಟು, ಉಳಿದ ಜಾಗದಲ್ಲಿ ಏನೇನು ಬೇಕೆಂದು ಮಕ್ಕಳನ್ನೇ ಕೇಳಿದಳು. ಒಬ್ಬಳಿಗೆ ಅಡಗಿಕೊಳ್ಳಲು ಜಾಗ ಬೇಕಿತ್ತು. ಒಬ್ಬನಿಗೆ ಎತ್ತರದಿಂದ ಹಾರಲು ಮರಳು. ಎಲ್ಲರಿಗೂ ಉಯ್ಯಾಲೆ. ಹೊರಗಿನಿಂದ ಏನೂ ತರುವಂತಿಲ್ಲ, ಈ ನೆಲದಲ್ಲಿ ಸಿಗುವುದರಲ್ಲೇ ಆಗಬೇಕು, ಕೆಟ್ಟರೆ ಇಲ್ಲಿಯವರೇ ಸರಿಮಾಡಿಕೊಳ್ಳುವಂತಿರಬೇಕು ಎಂದು ಅವಳು ತೀರ್ಮಾನಿಸಿದಳು.

ಆದರೆ ನೆಲ ಬರೀ ಗರಸು. ಬಿದ್ದರೆ ಮಂಡಿ ಕಿತ್ತುಬರುತ್ತಿತ್ತು. ಹುಲ್ಲು ಬರಿಸುವುದು ಹೇಗೆ ಎಂದು ಅವಳು ಯೋಚಿಸುತ್ತ ನಿಂತಿದ್ದಾಗ, ಹಟ್ಟಿಯ ಎತ್ತಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ದಾರಿಯಲ್ಲಿ ಹೋಗುತ್ತಿದ್ದವನು ನಿಂತ. ಎತ್ತರದ ಆಳು. ಕುರಿ ಸಾಕಣೆ, ಜೊತೆಗೆ ಸ್ವಲ್ಪ ಹೊಲ. ಅವನ ಮಗ ಕಾಟಲಿಂಗನ ಹೆಸರೂ ಹಾಜರಿಯಲ್ಲಿತ್ತು.

"ಬೂದಿ ಯಾಕೆ ಹಾಕೀರಿ ಟೀಚರಮ್ಮ? ಏನ್ ಕಟ್ತೀರಿ ಇಲ್ಲಿ?"

"ಕಟ್ಟೋದಿಲ್ಲಪ್ಪ. ಮಕ್ಕಳು ಆಡೋಕೆ ನೆಲ ಹಸನು ಮಾಡ್ಬೇಕು ಅಂತ."

ಅವನು ಕಾಲ ಬೆರಳಿನಿಂದ ಗರಸನ್ನು ಕೆದಕಿ ನೋಡಿದ. "ಇದರಾಗೆ ಹುಲ್ಲು ಬರಲ್ಲ. ಗೊಬ್ಬರಕ್ಕೆ ಅಂತ ರಾತ್ರಿ ಹೊಲದಾಗೆ ಮಂದೆ ತರುಬ್ತೀವಲ್ಲ, ಹಂಗೆ ನಮ್ಮ ಕುರಿ ತಂದು ಇಲ್ಲಿ ತರುಬಿದ್ರೆ ಬಂದೀತು."

"ನಿನ್ನ ಮಗನ್ನೂ ಕುರಿ ಜೊತೆಗೆ ಕಳಿಸು, ಹಗಲು ಹೊತ್ತು."

ಎತ್ತಪ್ಪ ನಕ್ಕ. "ಕುರಿ ಬಂದ ಕಡೆ ಅವ್ನು ಬಂದೇ ಬರ್ತಾನೆ."

ಹಾಗೆ ಶುರುವಾಯಿತು. ಹೊಲದವರಾದರೆ ಮಂದೆ ನಿಲ್ಲಿಸಿದ್ದಕ್ಕೆ ಜೋಳ ಕೊಡುತ್ತಿದ್ದರು. ಎತ್ತಪ್ಪ ಶಾಲೆಯಿಂದ ಏನೂ ಕೇಳಲಿಲ್ಲ. ಸಂಜೆ ಕುರಿಗಳು ಬಂದು ಮಲಗಿ, ಬೆಳಗ್ಗೆ ಎದ್ದು ಹೋಗುತ್ತಿದ್ದವು. ಜಾಗ ಬದಲಿಸುತ್ತ ಬದಲಿಸುತ್ತ ಶಾಲೆಯ ಹಿಂದಿನ ನೆಲವೆಲ್ಲ ಹಿಕ್ಕೆಯಿಂದ ಕಪ್ಪಾಯಿತು. ಆಮೇಲೆ ಮಳೆ ಬಿತ್ತು. ಮೊರಡಿಯಿಂದ ರಭಸವಾಗಿ ಇಳಿಯುವ ನೀರನ್ನು ತಡೆಯಲು ಊರಿನವರೂ ಹಟ್ಟಿಯವರೂ ಸೇರಿ ಸಣ್ಣ ಕಲ್ಲಿನ ಸಾಲುಗಳನ್ನು ಹಾಕಿದರು. ನೀರು ನಿಂತು ನಿಂತು ಕೆಳಗಿಳಿದು, ಗಿಡ ನೆಡುವ ಗುಂಡಿಗಳಲ್ಲಿ ಇಂಗಿತು. ಹಳ್ಳದಿಂದ ಬಂಡಿಯಲ್ಲಿ ಮರಳು ಬಂತು. ಪಾಳುಬಿದ್ದ ಬಾವಿಯೊಂದರ ಮೇಲೆ ಕೆಲಸವಿಲ್ಲದೆ ನಿಂತಿದ್ದ ಏತದ ಮರವನ್ನು ಇಳಿಸಿ ತಂದರು. ಹೊಳಲ್ಕೆರೆಯಿಂದ ಉಸ್ಮಾನ್ ಸಾಬ್ ಎಂಬ ಬಡಗಿ ಬಂದು ಅದರ ಸಿಬಿರು ಕೆತ್ತಿ, ನಡುವೆ ಕಲ್ಲು ಕೊಟ್ಟು, ಎರಡೂ ಕಡೆ ಮಕ್ಕಳು ಕೂತು ಏಳುವ ಇಳಿಯುವ ಹಾಗೆ ಮಾಡಿಕೊಟ್ಟ. ಬಿರುಗಾಳಿಗೆ ಬಿದ್ದಿದ್ದ ಹುಣಸೆಯ ಬೊಡ್ಡೆಯನ್ನು ಮೇಲೆ ನಡೆಯಲೆಂದು ಅಡ್ಡ ಮಲಗಿಸಿದರು. ಕತ್ತಾಳೆ ನಾರಿನ ಹಗ್ಗ ಹೊಸೆದು ಶಾಲೆಯ ಪಕ್ಕದ ಹಳೆಯ ಆಲದ ಕೊಂಬೆಗೆ ಉಯ್ಯಾಲೆ ಕಟ್ಟಿದರು.

ಬೇವು, ಹೊಂಗೆ, ನೇರಳೆ, ಕಮರ. ಒಂದೊಂದು ಸಸಿಗೆ ಇಬ್ಬಿಬ್ಬರು ಮಕ್ಕಳು. ಊರಿನವನೊಬ್ಬ, ಹಟ್ಟಿಯವನೊಬ್ಬ. ಕೈ ತೊಳೆದ ನೀರು ಸಸಿಗೆ ಹೋಗಬೇಕು. ಹಟ್ಟಿಯ ಮಕ್ಕಳು ಮೊದಲು ಸಸಿಗೆ ನೀರು ಹಾಕಲು ಬಂದರು, ಆಮೇಲೆ ಬಾಗಿಲಲ್ಲಿ ನಿಂತರು, ಆಮೇಲೆ ಒಳಗೆ ಬಂದು ಕೂತರು. ಮರಿಗಳನ್ನು ಸರದಿಯ ಮೇಲೆ ಕಾಯುವುದೆಂದು ಅವರವರೇ ಮಾಡಿಕೊಂಡರು. ಕಾಟಲಿಂಗ ಗುಂಗುರು ಕೂದಲಿನ, ಮುಂದಿನ ಹಲ್ಲು ಬಿದ್ದ ಹುಡುಗ. ಹುಣಸೆಯ ಬೊಡ್ಡೆಯ ಮೇಲೆ ಕೈ ಅಗಲಿಸಿ ನಡೆಯುತ್ತ ಕಾಗುಣಿತ ಒದರುತ್ತಿದ್ದ. ಕೆಳಗೆ ಕೂರಿಸಿ ಕೇಳಿದರೆ ಅವನಿಗೆ ಬರುತ್ತಿರಲಿಲ್ಲ. ಮರುಳಸಿದ್ದಮ್ಮ ಅವನನ್ನು ಬೊಡ್ಡೆಯ ಮೇಲೆ ನಿಲ್ಲಿಸಿಯೇ ಓದಿಸುತ್ತಿದ್ದಳು.

ಅವನ ತಾಯಿ ಚಿತ್ತಮ್ಮ ಒಮ್ಮೆ ಕಂಕುಳಲ್ಲಿ ಸಣ್ಣ ಮಗಳು ಗಂಗಕ್ಕನನ್ನು ಇಟ್ಟುಕೊಂಡು ಬಂದು, ಬಯಲಿನ ಸುತ್ತ ಹಾಕಿದ್ದ ಮುಳ್ಳುಬೇಲಿಯಾಚೆ ನಿಂತು ಇದನ್ನು ನೋಡಿದಳು. "ಇದು ಓದೋದಾ, ಆಡೋದಾ?" ಎಂದು ಕೇಳಿದಳು.

"ಎರಡೂ ಅಮ್ಮ."

"ನೋಡ್ರಿ ಮತ್ತೆ. ಇವ್ನಿಗಿಂತ ಮುಂಚೆ ಎರಡು ಹೋದವು ನನಗೆ. ಕೈಕಾಲು ಮುರ್ಕೊಂಡಾನು." ಹಾಗೆ ಅಂದರೂ ಅವಳು ಅಲ್ಲಿಯೇ ಬಹಳ ಹೊತ್ತು ನಿಂತಿದ್ದಳು.

ಮರುವರ್ಷದ ಮಳೆಗೆ ಹುಲ್ಲು ಹಿಡಿಯಿತು. ಸಸಿಗಳು ಮಕ್ಕಳ ಎದೆಮಟ್ಟ ಬಂದವು. ಅಷ್ಟರಲ್ಲಿ ಮೇಲಿನಿಂದ ಹುಕುಂ ಬಂತು.

ತುರ್ತುಪರಿಸ್ಥಿತಿಯ ಕಾಲ. ಪ್ರತಿ ಮೇಷ್ಟ್ರೂ ಸಂತಾನಹರಣದ ಆಪರೇಷನ್ನಿಗೆ ಜನರನ್ನು ಒಪ್ಪಿಸಿ ಕರೆತರಬೇಕು. 'ಕೇಸು' ಎಂದು ಅದಕ್ಕೆ ಹೆಸರು. ಚಿಕ್ಕತಿಮ್ಮಪ್ಪನವರಿಗೆ ಮೂವರು ಮಕ್ಕಳಿದ್ದರು. ಅವರು ಯಾರನ್ನೂ ಕೇಳಲಾರದೆ ತಾವೇ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದು, ಒಂದು ವಾರ ಕುಂಟುತ್ತ ಪಾಠ ಮಾಡಿದರು. ಮರುಳಸಿದ್ದಮ್ಮನಿಗೆ ಆ ದಾರಿಯೂ ಇರಲಿಲ್ಲ.

ಜೀಪಿನಲ್ಲಿ ಒಬ್ಬ ಅಧಿಕಾರಿ ಬಂದರು. ಕುರ್ಚಿಯಲ್ಲಿ ಕೂತು ಹಿಂದಿನ ಕಿಟಕಿಯಿಂದ ಮಕ್ಕಳ ಆಟ ನೋಡಿದರು. ಅವರ ಮುಖದಲ್ಲಿ ನಿಜವಾದ ಸಂತೋಷ ಕಾಣಿಸಿತು.

"ಚೆನ್ನಾಗಿ ಮಾಡಿದ್ದೀರಿ. ಇಡೀ ತಾಲ್ಲೂಕಿನಲ್ಲಿ ಇಂಥದ್ದು ಇಲ್ಲ. ಜನ ನಿಮ್ಮ ಮಾತು ಕೇಳ್ತಾರೆ ಅಂತಾಯ್ತಲ್ಲ?"

"ಮಕ್ಕಳ ವಿಷಯಕ್ಕೆ ಕೇಳ್ತಾರೆ ಸಾರ್."

"ಇದೂ ಮಕ್ಕಳ ವಿಷಯವೇ. ಒಂದು ಕೇಸು ಕೊಡಿ ಸಾಕು. ಇಲ್ಲದಿದ್ರೆ ಹಿರಿಯೂರಿನ ಆಚೆ, ಆಂಧ್ರದ ಗಡಿಯಲ್ಲಿ ಒಂದು ಶಾಲೆ ಖಾಲಿ ಇದೆ. ನಿಮ್ಮ ಹೆಸರು ಅಲ್ಲಿಗೆ ಹೋಗುತ್ತೆ. ನನ್ನ ಕೈಯಲ್ಲೂ ಏನಿಲ್ಲ, ನನ್ನ ತಲೆ ಮೇಲೂ ಇಷ್ಟು ಕೇಸು ಅಂತ ಇದೆ."

ಜೀಪು ಹೋದ ಮೇಲೆ ಅವಳು ಬಯಲಿಗೆ ಬಂದು ಕೂತಳು. ಬೇಸಿಗೆಗೆ ಇನ್ನು ಬಹಳ ದೂರವಿರಲಿಲ್ಲ. ಇನ್ನೊಂದು ಬೇಸಿಗೆ ನೀರು ಕಂಡರೆ ಗಿಡಗಳ ಬೇರು ಆಳಕ್ಕೆ ಇಳಿಯುತ್ತದೆ, ಆಮೇಲೆ ಯಾರ ಹಂಗೂ ಬೇಡ. ಈಗ ಬಿಟ್ಟುಹೋದರೆ ಇಲ್ಲಿಗೆ ಬರುವವರು ಯಾರೋ, ಹಟ್ಟಿಯ ಮಕ್ಕಳನ್ನು ಒಳಗೆ ಕೂರಿಸಿಕೊಳ್ಳುತ್ತಾರೋ ಇಲ್ಲವೋ. ಹೀಗೆ ಅವಳು ತನಗೆ ತಾನೇ ಹೇಳಿಕೊಂಡಳು. ಗಡಿಯ ಕಡೆಯ ಗುರುತಿಲ್ಲದ ಊರಿನಲ್ಲಿ ಒಂಟಿ ಹೆಂಗಸಾಗಿ ಮತ್ತೆ ಮೊದಲಿನಿಂದ ಬದುಕು ಹೂಡುವ ಭಯವೂ ಅದರ ಕೆಳಗಿತ್ತು. ಅದನ್ನು ಹೇಳಿಕೊಳ್ಳಲಿಲ್ಲ.

ಊರಿನಲ್ಲಿ ಇಬ್ಬರು ಮೂವರನ್ನು ಕೇಳಿದಳು. ಎಲ್ಲರೂ ಮಾತು ತಿರುಗಿಸಿದರು. ಕೊನೆಗೆ ಅವಳು ಎತ್ತಪ್ಪನನ್ನು ಕೇಳಿದಳು. ಅವನು ಸಡಿಲವಾದ ಏತದ ಮರದ ಕೀಲು ಬಿಗಿಮಾಡುತ್ತಿದ್ದ. ತನಗೆ ವರ್ಗವಾಗಬಹುದೆಂದು, ಹೋದರೆ ಗಿಡಗಳು ಒಣಗುತ್ತವೆಂದು ಮೊದಲು ಹೇಳಿದಳು. ಯಾಕೆಂದು ಆಮೇಲೆ ಹೇಳಿದಳು.

ಎತ್ತಪ್ಪ ಕೆಲಸ ನಿಲ್ಲಿಸಿದ. "ನೀವು ಹೋದ್ರೆ ನಮ್ಮ ಹುಡ್ಗ ಇಸ್ಕೂಲು ಬಿಡ್ತಾನೆ."

"ನಿನಗೆ ಮಗ ಒಬ್ಬ, ಮಗಳು ಒಬ್ಬಳು ಇದ್ದಾರಲ್ಲಪ್ಪ. ಸಾಕಲ್ವಾ?"

"ಸಾಕೋ ಸಾಲ್ದೋ ನಾವೇನು ಹೇಳಾಣ. ಕೊಡೋನು ಕೊಡ್ತಾನೆ, ಕಿತ್ಕೊಳ್ಳೋನು ಕಿತ್ಕೊಳ್ತಾನೆ." ಅವನು ಕೀಲನ್ನು ಮತ್ತೊಮ್ಮೆ ಬಡಿದ. "ಅದೇನು ನೋವಾಗ್ತೈತಾ?"

"ಆಗೋದಿಲ್ಲ ಅಂತಾರೆ. ಚಿಕ್ಕತಿಮ್ಮಪ್ಪ ಮೇಷ್ಟ್ರನ್ನ ಕೇಳು. ನಿನಗೆ ಮನಸ್ಸಿಲ್ಲದಿದ್ರೆ ಬೇಡ."

"ಮನಸ್ಸಿನ ಮಾತಲ್ಲ ಇದು. ನೀವು ಕೇಳ್ದಂಗಾತು, ನಾನು ಇಲ್ಲ ಅಂದಂಗಾಗಬಾರ್ದು. ಬರ್ತೀನಿ. ಆದ್ರೆ ಮನೆಯಾಗೆ ಇವ್ಳಿಗೆ ಹೇಳಬ್ಯಾಡ್ರಿ. ಹಟ್ಟ್ಯಾಗೂ ಯಾರ್ಗೂ ಗೊತ್ತಾಗಬಾರ್ದು."

ಅವಳು ಆಗ ಬೇಡವೆನ್ನಬಹುದಿತ್ತು. ಅನ್ನಲಿಲ್ಲ. ಕ್ಯಾಂಪು ನಡೆಯುವ ಊರಿಗೆ ಬೆಳಗಿನ ಬಸ್ಸಿನಲ್ಲಿ ತಾನೇ ಕರೆದುಕೊಂಡು ಹೋದಳು. ಸಾಲಿನಲ್ಲಿ ಅವನು ಕಂಬಳಿ ಹೊದ್ದು, ಎಲ್ಲರಿಗಿಂತ ಎತ್ತರವಾಗಿ, ಯಾರ ಮುಖವನ್ನೂ ನೋಡದೆ ನಿಂತಿದ್ದ. ಮಧ್ಯಾಹ್ನ ಹೊರಗೆ ಬಂದಾಗ ಅವನ ತುಟಿ ಒಣಗಿತ್ತು. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟಳು.

ಕೆಲವು ದಿನ ಭಾರ ಎತ್ತಬೇಡ, ಓಡಾಡಬೇಡ ಎಂದು ಡಾಕ್ಟರು ಹೇಳಿದ್ದರು. ಆದರೆ ಹೇಳದೆ ಬಂದವನು ಮನೆಯಲ್ಲಿ ಮಲಗುವುದು ಹೇಗೆ? ಮರುದಿನವೇ ಕುರಿ ಹೊಡೆದುಕೊಂಡು ಹೋದ. ಗಾಯ ಬಾತು ಕೀವಾಯಿತು, ಜ್ವರ ಬಂತು. ಹೀಗೆ ವಿಷಯ ಹಟ್ಟಿಗೆ ಗೊತ್ತಾಯಿತು. ಹಟ್ಟಿಯ ಹಿರಿಯ ಗೊಲ್ಲಪ್ಪ ಅವನನ್ನು ಎಲ್ಲರ ಮುಂದೆ ಕೂರಿಸಿ ಕೇಳಿದ. ಎತ್ತಪ್ಪ ಯಾರ ಹೆಸರನ್ನೂ ಹೇಳದೆ, ನನಗೇ ತಿಳೀತು, ಹೋದೆ ಅಂದ. ಗಂಡಸರು ನಕ್ಕರು, ಹೆಂಗಸರು ಚಿತ್ತಮ್ಮನ ಮುಖ ನೋಡಿದರು. ಬಾವಿಯ ಹತ್ತಿರ ಅವಳು ಬಂದರೆ ಮಾತು ನಿಲ್ಲತೊಡಗಿತು. ಗಾಯ ನಿಧಾನವಾಗಿ ಮಾಯಿತು. ಆದರೆ ಅವನು ಮೊದಲಿನ ಹಾಗೆ ಕಲ್ಲು ಎತ್ತಲಾರದವನಾದ, ಶಾಲೆಯ ಕಡೆ ಬರುವುದೂ ನಿಂತಿತು.

ಚಿತ್ತಮ್ಮ ಮಾತ್ರ ಒಮ್ಮೆ ಬಂದಳು. ಮಗನನ್ನು ಬಿಟ್ಟುಹೋಗಲು ಬಂದವಳು ಬೇಲಿಯಾಚೆಯೇ ನಿಂತು, "ನೀವೇ ಕರ್ಕೊಂಡು ಹೋಗಿದ್ರಂತೆ. ಬಸ್ಸಿನಾಗೆ ನೋಡ್ದೋರು ಹೇಳಿದ್ರು," ಅಂದಳು.

ಮರುಳಸಿದ್ದಮ್ಮ ಹೂಂ ಅಂದಳು.

"ನನ್ನನ್ನ ಒಂದು ಮಾತು ಕೇಳ್ಬೇಕಿತ್ತು ನೀವು. ಹೆಂಗಸು ನೀವು." ಅಷ್ಟೇ ಅಂದು, ಕಾಟಲಿಂಗನ ಬೆನ್ನಿನ ಮೇಲೆ ಕೈಯಿಟ್ಟು ಒಳಗೆ ತಳ್ಳಿದಳು. "ಹೋಗಲೇ, ಓದ್ಕೊ. ನೀನೊಬ್ಬ ಇದ್ದೀಯಲ್ಲ."

ವರ್ಗದ ಮಾತು ನಿಂತುಹೋಯಿತು. ಆದರೆ ಹಟ್ಟಿಯನ್ನು ಬೇರೊಂದು ಭಯ ಹೊಕ್ಕಿತು. ಬಂಡಿದಾರಿಯಲ್ಲಿ ಯಾವುದೇ ಜೀಪಿನ ಸದ್ದಾದರೂ ಗಂಡಸರು ಮೊರಡಿ ಹತ್ತಿ ಅಡಗುತ್ತಿದ್ದರು. ಮಕ್ಕಳನ್ನೂ ಹಿಡಿದುಕೊಂಡು ಹೋಗಿ ಕೊಯ್ಯುತ್ತಾರಂತೆ ಎಂದು ಯಾರೋ ಹಬ್ಬಿಸಿದರು. ಆಸ್ಪತ್ರೆ ಎಂಬ ಮಾತು ಎತ್ತಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಎಪ್ಪತ್ತೇಳನೇ ಇಸವಿ ಹುಟ್ಟಿ ಬಿಸಿಲು ಏರುವ ಹೊತ್ತಿಗೆ ಹಟ್ಟಿಯ ಮಕ್ಕಳಲ್ಲಿ ದಡಾರ ಕಾಣಿಸಿತು. ಅಲ್ಲಿಯವರು ಅದನ್ನು ಅಮ್ಮ ಬಂದಳು ಅನ್ನುತ್ತಾರೆ. ಗುಡಿಸಲುಗಳ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಶಾಲೆಗೆ ಹಟ್ಟಿಯ ಮಕ್ಕಳು ಬರುವುದು ನಿಂತಿತು. ಹೆಚ್ಚಿನ ಮಕ್ಕಳಿಗೆ ಬಂದು ಇಳಿದುಹೋಯಿತು. ಕಾಟಲಿಂಗನಿಗೆ ಗುಳ್ಳೆ ಇಳಿದರೂ ಜ್ವರ ಇಳಿಯಲಿಲ್ಲ, ಎದೆ ಕಟ್ಟಿತು. ಉಚ್ಚಂಗಮ್ಮನ ಮನೆಗೆ ಹಾಲು ತರುತ್ತಿದ್ದವಳ ಬಾಯಲ್ಲಿ ಈ ಸುದ್ದಿ ಕೇಳಿ, ಮರುಳಸಿದ್ದಮ್ಮ ಮುಸುರೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಗೇ ಹೊರಟಳು.

ಹಟ್ಟಿಯ ಸುತ್ತ ಕಾರೆ ಮುಳ್ಳಿನ ಬೇಲಿ. ಅಮ್ಮ ಬಂದ ಹಟ್ಟಿಗೆ ಹೊರಗಿನವರು ಕಾಲಿಡುವಂತಿಲ್ಲ. ಅವಳು ಚಪ್ಪಲಿ ಬಿಟ್ಟು ಬೇಲಿಯ ಬಾಯಲ್ಲಿ ನಿಂತು ಎತ್ತಪ್ಪನನ್ನು ಕೂಗಿದಳು. ಅವನು ಬಂದ. ಗಡ್ಡ ಬೆಳೆದಿತ್ತು. ಹಿಂದೆಯೇ ಚಿತ್ತಮ್ಮ ಬಂದಳು.

"ಎತ್ತಪ್ಪ, ಹುಡುಗನ್ನ ಈಗಲೇ ಹೊಳಲ್ಕೆರೆಗೆ ಕರ್ಕೊಂಡು ಹೋಗಾಣ. ಎದೆ ಕಟ್ಟಿದ್ದಕ್ಕೆ ಔಷಧಿ ಐತೆ, ಸೂಜಿ ಐತೆ. ನಾನು ಬಂಡಿ ಹೇಳಿ ಬಂದಿದೀನಿ."

ಎತ್ತಪ್ಪ ಹೆಂಡತಿಯತ್ತ ನೋಡಿದ.

"ಅಮ್ಮ ಇನ್ನೂ ಮೈಮ್ಯಾಲೆ ಅವ್ಳೆ," ಎಂದಳು ಚಿತ್ತಮ್ಮ. "ಅಲ್ಲೀಗೆ ಕಳ್ಸಲ್ಲ."

"ಚಿತ್ತಮ್ಮ, ಕೈ ಮುಗೀತೀನಿ. ಉಸಿರು ಕಟ್ಟಿದ್ರೆ ತಡೆಯೋಲ್ಲ ಮಗು."

"ಹೋದ ಸಲ ನಂಬಿ ಹೋದೋನು ಹೆಂಗೆ ಬಂದ ಅಂತ ನೋಡೀವಲ್ಲ. ಇನ್ನು ಇವ್ನನ್ನೂ ಕೊಡ್ಬೇಕಾ ನಿಮಗೆ? ಹೋಗ್ರಿ ಟೀಚರಮ್ಮ."

"ಅದು ಬೇರೆ, ಇದು ಬೇರೆ ಅಮ್ಮ."

"ಎರಡೂ ಅದೇ ಆಸ್ಪತ್ರೆ. ಕರೆಯೋಕೆ ಬಂದೋರೂ ನೀವೇ."

ಒಳಗಿನಿಂದ ಹುಡುಗ ಕೆಮ್ಮುವುದು ಕೇಳಿಸುತ್ತಿತ್ತು. ಮರುಳಸಿದ್ದಮ್ಮ ಬೇಲಿ ದಾಟಿ ಒಂದು ಹೆಜ್ಜೆ ಒಳಗಿಟ್ಟಳು. ಹೆಂಗಸರು ಅಡ್ಡ ಬಂದು ನಿಂತರು. ಯಾರೂ ಅವಳ ಮೈ ಮುಟ್ಟಲಿಲ್ಲ, ಸುಮ್ಮನೆ ನಿಂತರು. ಎತ್ತಪ್ಪ ತಲೆ ತಗ್ಗಿಸಿ, "ಹೋಗ್ರಿ. ನಾನು ಆಮ್ಯಾಲೆ ಇವ್ಳಿಗೆ ಹೇಳಿ ನೋಡ್ತೀನಿ," ಅಂದ. ಬಂಡಿಯವನು ಸಂಜೆಯವರೆಗೂ ಶಾಲೆಯ ಮುಂದೆ ಎತ್ತು ಬಿಚ್ಚದೆ ಕಾದ.

ಚಿಕ್ಕತಿಮ್ಮಪ್ಪನವರು ಸೈಕಲ್ ಹತ್ತಿ ಹೋಗಿ ಕಾಂಪೌಂಡರೊಬ್ಬನನ್ನು ಕರೆತಂದರು. ಅವನ ಕೈಯಲ್ಲಿದ್ದ ಚರ್ಮದ ಚೀಲ ಕಂಡದ್ದೇ ಹಟ್ಟಿಯವರು ಮಕ್ಕಳನ್ನೆಲ್ಲ ಎತ್ತಿಕೊಂಡು ಮೊರಡಿಯ ಆಚೆಗೆ ಇಳಿದರು. ಚಿತ್ತಮ್ಮನೂ ಮಗನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಓಡಿದಳು. ಬಿಸಿಲಿನಲ್ಲಿ, ಬಂಡೆಗಳ ಸಂದಿಯಲ್ಲಿ, ಕಾಂಪೌಂಡರು ವಾಪಸು ಹೋಗುವವರೆಗೆ ಅವನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮರುದಿನ ಬೆಳಗ್ಗೆ ಕಾಟಲಿಂಗ ಸತ್ತ.

ಹಟ್ಟಿಯ ತೆಂಕಲಿಗೆ, ಮಕ್ಕಳನ್ನು ಹೂಳುವ ಜಾಗದಲ್ಲಿ ಅವನನ್ನು ಹೂತರು. ಮರುಳಸಿದ್ದಮ್ಮ ದೂರದಲ್ಲಿ ನಿಂತು ನೋಡಿದಳು. ಯಾರೂ ಅವಳನ್ನು ಹತ್ತಿರ ಕರೆಯಲಿಲ್ಲ, ಹೋಗೆನ್ನಲೂ ಇಲ್ಲ.

ಅವಳು ಶಾಲೆಗೆ ಹೋಗುವುದನ್ನು ಬಿಡಲಿಲ್ಲ. ಊರಿನ ಮಕ್ಕಳಿಗೆ ಪಾಠ ಮಾಡಿದಳು, ಸಸಿಗಳಿಗೆ ತಾನೇ ಕೊಡದಲ್ಲಿ ನೀರು ಹೊತ್ತಳು. ಊಟ ಸೇರುತ್ತಿರಲಿಲ್ಲ. ಉಚ್ಚಂಗಮ್ಮ ಮುದ್ದೆ ತಂದು ಮುಂದಿಟ್ಟು, "ಉಣ್ಣು ಮಗಳೇ. ನೀನೇನು ಬೇಕಂತ ಮಾಡಿದ್ಯಾ?" ಅನ್ನುತ್ತಿದ್ದಳು. ಮರುಳಸಿದ್ದಮ್ಮ ಒಂದು ತುತ್ತು ಮುರಿದು ತಟ್ಟೆ ಸರಿಸುತ್ತಿದ್ದಳು. ಬೇಕಂತ ಮಾಡಲಿಲ್ಲ ನಿಜ, ಬೇಡವೆಂದೂ ಅನ್ನಲಿಲ್ಲವಲ್ಲ ಎಂದು ಒಳಗೇ ಅಂದುಕೊಳ್ಳುತ್ತಿದ್ದಳು.

ಹುಡುಗನ ಕಾರ್ಯ ಮುಗಿದ ಸ್ವಲ್ಪ ದಿನಕ್ಕೆ, ಒಂದು ಬೆಳಗ್ಗೆ ಪ್ರಾರ್ಥನೆ ನಡೆಯುತ್ತಿದ್ದಾಗ, ಚಿತ್ತಮ್ಮ ಮಂದೆಯನ್ನು ಹೊಡೆದುಕೊಂಡು ಬಂದಳು. ಕುರಿಗಳ ಜೊತೆ ಆಡುಗಳೂ ಇದ್ದವು. ಬೇಲಿಯ ಮುಳ್ಳನ್ನು ಕೋಲಿನಿಂದ ಎಳೆದು ಬಿಸಾಡಿ ಅವುಗಳನ್ನು ಬಯಲಿಗೆ ಬಿಟ್ಟಳು. ಬೇಸಿಗೆಯಲ್ಲಿ ಸುತ್ತಮುತ್ತ ಎಲ್ಲೂ ಹಸಿರಿರಲಿಲ್ಲ. ಆಡುಗಳು ಮುಂಗಾಲು ಎತ್ತಿ ನಿಂತು ಹೊಂಗೆಯ ಚಿಗುರನ್ನು ಎಳೆದವು, ನೇರಳೆಯ ತೊಗಟೆ ಸುಲಿದವು. ಕುರಿಗಳು ಒಣಹುಲ್ಲಿಗೆ ಬಾಯಿ ಹಾಕಿದವು. ಮಕ್ಕಳು ಪ್ರಾರ್ಥನೆ ನಿಲ್ಲಿಸಿದರು. ತನ್ನ ಸಸಿ ಹೋಯಿತೆಂದು ಒಬ್ಬ ಹುಡುಗಿ ಅಳತೊಡಗಿದಳು.

ಚಿಕ್ಕತಿಮ್ಮಪ್ಪನವರು ಬೆತ್ತ ಹಿಡಿದು ಹೊರಟರು. ಮರುಳಸಿದ್ದಮ್ಮ ಅವರ ತೋಳು ಹಿಡಿದು ನಿಲ್ಲಿಸಿದಳು.

"ಬಿಡಿ ಮೇಷ್ಟ್ರೇ."

"ಎಲ್ಲಾ ಹೋಗ್ತೈತಲ್ಲ ಮೇಡಂ. ಎರಡು ವರ್ಷದ್ದು."

"ಹೋಗ್ಲಿ ಬಿಡಿ."

ಅವಳು ಒಬ್ಬಳೇ ಬಯಲಿಗೆ ಇಳಿದುಹೋಗಿ ಚಿತ್ತಮ್ಮನ ಎದುರು ನಿಂತಳು. ಚಿತ್ತಮ್ಮನ ಕಣ್ಣು ಒಣಗಿತ್ತು. ಕೂದಲು ಬಾಚಿರಲಿಲ್ಲ.

"ಇದ್ರ ಸಲುವಾಗೇ ತಾನೆ ಕರ್ಕೊಂಡು ಹೋಗಿದ್ದು ನೀನು?" ಎಂದು ಕೇಳಿದಳು. "ಗಿಡ ಒಣಗ್ತಾವೆ ಅಂತ ತಾನೆ? ಹೇಳಿದ ಅವ್ನು ನನಗೆ."

"ಹೌದು."

"ನನಗೆ ಮಕ್ಕಳಾಗದೆ ಇದ್ದಿದ್ರೆ ನಾನೇ ನನ್ನ ತಂಗೀನ ತಂದು ಅವ್ನಿಗೆ ಕಟ್ತಿದ್ದೆ. ನಮ್ಮಲ್ಲಿ ಮಾಡ್ತಾರೆ. ಈಗ ಯಾರನ್ನ ತಂದ್ರೇನು? ಅವ್ನಲ್ಲೇ ಇಲ್ಲ ಇನ್ನು. ನನ್ನಲ್ಲಿ ಐತೆ, ಅವ್ನಲ್ಲಿ ಇಲ್ಲ. ನಾನು ಏನು ಮಾಡ್ಲಿ ಹೇಳು. ಓದ್ದೋಳು ನೀನು."

ಮರುಳಸಿದ್ದಮ್ಮ ಒಂದು ಹೆಜ್ಜೆ ಹತ್ತಿರ ಹೋದಳು.

"ಅವ್ನನ್ನ ಕೊಟ್ಟುಬಿಡ್ಬೇಕಿತ್ತು ಅವತ್ತು ಬಂಡೀಗೆ," ಎಂದಳು ಚಿತ್ತಮ್ಮ. ಅವಳ ದನಿ ಸಣ್ಣದಾಗಿತ್ತು. "ನಿನ್ನ ಮುಖ ಕಂಡು ಭಯ ಆತು ನಂಗೆ. ಬ್ಯಾರೆ ಯಾರಾದ್ರೂ ಬಂದಿದ್ರೆ ಕೊಡ್ತಿದ್ನೇನೋ."

ಆಮೇಲೆ ಅವಳು ಹುಣಸೆಯ ಬೊಡ್ಡೆಯ ಮೇಲೆ ಕೂತು, ಆಡುಗಳು ಮೇದು ಮುಗಿಸುವವರೆಗೂ ಏಳಲಿಲ್ಲ. ಮರುಳಸಿದ್ದಮ್ಮ ಬಿಸಿಲಿನಲ್ಲಿ ಅಷ್ಟು ದೂರಕ್ಕೆ ನಿಂತೇ ಇದ್ದಳು. ಬಿಸಿಲು ನೆತ್ತಿಗೆ ಬಂದಾಗ ಎತ್ತಪ್ಪ ಹುಡುಕಿಕೊಂಡು ಬಂದು, ಹೆಂಡತಿಯ ರಟ್ಟೆ ಹಿಡಿದು ಎಬ್ಬಿಸಿ, ಮಂದೆಯನ್ನು ತಿರುಗಿಸಿಕೊಂಡು ಹೋದ. ಹೋಗುವಾಗ ಬಿದ್ದ ಬೇಲಿಯ ಮುಳ್ಳನ್ನು ಕಾಲಿಗೆ ಚುಚ್ಚದ ಹಾಗೆ ಪಕ್ಕಕ್ಕೆ ಸರಿಸಿಟ್ಟ.

ಆ ತಿಂಗಳ ಕೊನೆಗೆ ಚುನಾವಣೆಯಾಗಿ ದಿಲ್ಲಿಯ ಸರ್ಕಾರ ಬಿದ್ದುಹೋಯಿತು. ಕೇಸಿನ ಮಾತು ಎತ್ತುವವರೇ ಇರಲಿಲ್ಲ. ಜೀಪಿನಲ್ಲಿ ಬಂದಿದ್ದ ಅಧಿಕಾರಿ ಬೇರೆ ಕಡೆಗೆ ಹೋದರೆಂದು ಚಿಕ್ಕತಿಮ್ಮಪ್ಪ ಹೇಳಿದರು. "ಒಂದು ನಾಲ್ಕು ತಿಂಗಳು ತಡ್ಕೊಂಡಿದ್ರೆ," ಎಂದು ಶುರುಮಾಡಿದವರು, ಅವಳ ಮುಖ ನೋಡಿ ನಿಲ್ಲಿಸಿದರು.

ಜೂನಿನಲ್ಲಿ ಶಾಲೆ ತೆರೆದಾಗ ಹಟ್ಟಿಯಿಂದ ಒಂದು ಮಗುವೂ ಬರಲಿಲ್ಲ. ಮಳೆ ಬಿತ್ತು. ಆಡು ಮೇದ ಬೇವಿನ ಬುಡಗಳಲ್ಲಿ ಕೆಲವು ಚಿಗುರಿದವು, ಹೊಂಗೆ ಒಂದೆರಡು ಉಳಿದವು, ನೇರಳೆಯೆಲ್ಲ ಒಣಗಿಹೋದವು. ಅವಳು ಮತ್ತೆ ಸಸಿ ತರಿಸಿದಳು. ಊರಿನ ಮಕ್ಕಳು ನೆಟ್ಟರು. ಬಂಡೆಯ ಮೇಲೆ ಊರಿನ ಮಕ್ಕಳು ಮಾತ್ರ ಜಾರುತ್ತಿದ್ದರು. ಹಟ್ಟಿಯ ಹುಡುಗರು ಮರಿಗಳನ್ನು ಈಗ ಮೊರಡಿಯ ಆಚೆ ಮಗ್ಗುಲಿಗೆ ಹೊಡೆಯುತ್ತಿದ್ದರು. ಒಂದು ವರ್ಷ ಹೀಗೆ ಹೋಯಿತು.

ಮರುವರ್ಷ ಅವಳು ದಾರಿಯಲ್ಲಿ ಎತ್ತಪ್ಪನನ್ನು ತಡೆದು ನಿಲ್ಲಿಸಿದಳು. ಗಂಗಕ್ಕನಿಗೆ ಶಾಲೆಗೆ ಸೇರುವ ವಯಸ್ಸಾಗಿತ್ತು.

"ಮಗೂನ ಕಳಿಸಪ್ಪ. ಬೇರೆ ಮಕ್ಕಳನ್ನೂ ಕಳಿಸೋಕೆ ಹೇಳು. ನನ್ನ ಮೇಲಿನ ಸಿಟ್ಟು ಅವರ ಮೇಲೆ ಯಾಕೆ?"

ಎತ್ತಪ್ಪ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡ. "ಸಿಟ್ಟು ಅಲ್ಲ ಟೀಚರಮ್ಮ. ನನಗಂತೂ ಇಲ್ಲ. ನೀವು ಇರೋವರ್ಗೂ ಹಟ್ಟಿಯೋರು ಕಳ್ಸಲ್ಲ. ನಿಮ್ಮನ್ನ ಕಂಡ್ರೆ ಹೆಂಗಸ್ರಿಗೆ ಆ ಹುಡ್ಗನ ಕೆಮ್ಮು ಕೇಳ್ಸಿದಂಗಾಗ್ತೈತಂತೆ."

ಅವಳು ಆಯಿತೆಂದು ತಲೆಯಾಡಿಸಿದಳು. ಆ ವಾರವೇ ವರ್ಗ ಕೇಳಿ ಅರ್ಜಿ ಹಾಕಿದಳು. ಯಾವ ಊರಾದರೂ ಸರಿ ಎಂದು ಬರೆದಿದ್ದರಿಂದ ಬೇಗ ಸಿಕ್ಕಿತು. ಹಿರಿಯೂರಿನ ಆಚೆಗೆ, ಮೂಲೆಯಲ್ಲಿದ್ದ ಒಂದು ಶಾಲೆ. ಹೊರಡುವ ದಿನ ಉಚ್ಚಂಗಮ್ಮ ಬಸ್ಸಿನವರೆಗೆ ಬಂದು ಅತ್ತಳು. ಮರುಳಸಿದ್ದಮ್ಮ ಬಯಲನ್ನು ನೋಡಲು ಹೋಗಲಿಲ್ಲ.

ಎಪ್ಪತ್ತೊಂಬತ್ತರ ಕೊನೆಯಲ್ಲಿ ಏನೋ ಕೆಲಸಕ್ಕೆಂದು ಚಿತ್ರದುರ್ಗಕ್ಕೆ ಹೋಗಿದ್ದವಳಿಗೆ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕತಿಮ್ಮಪ್ಪ ಸಿಕ್ಕಿದರು. ಕೂದಲು ನರೆತಿತ್ತು. ಹೋಟೆಲಿನಲ್ಲಿ ಚಹಾ ಕೊಡಿಸಿದರು.

"ನೀವು ಹೋದ ಮೇಲೆ ಹೊಸ ಮೇಷ್ಟ್ರು ಬಂದ್ರು. ಹಟ್ಟಿ ಮಕ್ಕಳು ಒಬ್ಬೊಬ್ಬರಾಗಿ ಬರೋಕೆ ಹತ್ತಿದಾವೆ ಮೇಡಂ. ಎಲ್ಲರೂ ಇಲ್ಲ."

"ಗಂಗಕ್ಕ?"

"ಬರ್ತಾಳೆ. ಮಾತಾಡಲ್ಲ, ಆಡೋಕೂ ಹೋಗಲ್ಲ. ಗೋಡೆಗೆ ಒರಗಿ ಕೂತ್ಕೊಂಡು ಬೇರೆಯೋರು ಆಡೋದನ್ನ ನೋಡ್ತಿರ್ತಾಳೆ. ಲೆಕ್ಕ ಮಾತ್ರ ಚೆನ್ನಾಗಿ ಮಾಡ್ತಾಳೆ."

"ಚಿತ್ತಮ್ಮ ಹೇಗವ್ಳೆ?"

ಚಿಕ್ಕತಿಮ್ಮಪ್ಪ ಲೋಟವನ್ನು ಕೆಳಗಿಟ್ಟರು. "ತೌರುಮನೆಗೆ ಹೋದೋಳು ವಾಪಸು ಬಂದಿಲ್ಲ. ಹುಡುಗಿ ಅಪ್ಪನ ಹತ್ರ ಐತೆ. ಅವನು ಕುರಿಯೆಲ್ಲ ಮಾರಿದ. ಹೊಸದುರ್ಗದ ಕಡೆ ಗಣಿ ಕೆಲಸ ಸಿಗ್ತೈತೆ ಅಂತ ಹೋಗಿದ್ದ, ಭಾರ ಎತ್ತೋಕೆ ಆಗಲ್ಲ ಅಂತ ಬಿಡಿಸಿ ಕಳಿಸಿದ್ರಂತೆ. ಈಗ ಬೇರೆಯೋರ ದನ ಕಾಯ್ತಾನೆ."

ಮರುಳಸಿದ್ದಮ್ಮ ಎದ್ದಳು. ಹಿರಿಯೂರಿನ ಬಸ್ಸು ಬಂದು ನಿಂತಿತ್ತು. ಒಂದು ಸಲ ಕರಿಮೊರಡಿಗೆ ಬಂದುಹೋಗಿ, ಈಗ ಯಾರೂ ಏನೂ ಅನ್ನೋದಿಲ್ಲ ಎಂದು ಚಿಕ್ಕತಿಮ್ಮಪ್ಪ ಹೇಳುತ್ತಲೇ ಇದ್ದರು. ಅವಳು, "ಬೇಡ ಮೇಷ್ಟ್ರೇ, ಮಕ್ಕಳು ಬರ್ತಿದಾವಲ್ಲ," ಎಂದು ಚೀಲ ಎತ್ತಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಬಸ್ಸು ಹತ್ತಿದಳು.